ಹೊಸ ಪೈಪಿನ ಹಳೇ ಗಾಯ

ತುಕ್ಕು ಹಿಡಿದ ಹಳೇ ಪೈಪು ಸೋರಿದರೆ ಆಶ್ಚರ್ಯವಿಲ್ಲ. 2010ರಲ್ಲಿ ಶುರುವಾದ ಕೀಸ್ಟೋನ್ ತೈಲ ಪೈಪ್‌ಲೈನ್ ಪದೇ ಪದೇ ಸೋರುವುದೇಕೆ? ಓದುಗರೊಬ್ಬರ ಈ ಪ್ರಶ್ನೆಯೊಳಗೇ ಒಂದು ಮೂಢನಂಬಿಕೆ ಕೂತಿದೆ: ಹೊಸದೆಲ್ಲ ಗಟ್ಟಿ, ಹಳತೆಲ್ಲ ಲಡ್ಡು!

ಕೆನಡಾದ ಹಾರ್ಡಿಸ್ಟಿಯಲ್ಲಿ ಹೊರಟು, ಗಡಿ ದಾಟಿ, ಅಮೆರಿಕದ ಇಲಿನಾಯ್, ಟೆಕ್ಸಾಸ್‌ವರೆಗೆ ಸುಮಾರು 4,300 ಕಿ.ಮೀ. ಚಾಚಿದ ಈ ಜಾಲ ದಿನಕ್ಕೆ ಆರು ಲಕ್ಷ ಬ್ಯಾರೆಲ್ ಆಸುಪಾಸು ಕಚ್ಚಾ ತೈಲ ಸಾಗಿಸುತ್ತದೆ. ತುಕ್ಕು ತಡೆಯಲು ಉಕ್ಕಿನ ಮೈಗೆ ಎಪಾಕ್ಸಿ ಲೇಪನವಿದೆ, ಜೊತೆಗೆ ಸಣ್ಣ ವಿದ್ಯುತ್ ಪ್ರವಾಹದ ರಕ್ಷಣೆಯೂ ಇದೆ.

ಇವೆಲ್ಲಕ್ಕಿಂತ ಮಜಾ ಇರುವುದು ‘ಸ್ಮಾರ್ಟ್ ಪಿಗ್’ ಎಂಬ ಯಂತ್ರದಲ್ಲಿ. ಎಣ್ಣೆಯ ಒತ್ತಡವೇ ತಳ್ಳಿದಂತೆ ಪೈಪಿನೊಳಗೆ ಸಾಗುವ ಇದು, ಬಲವಾದ ಅಯಸ್ಕಾಂತಗಳಿಂದ ಉಕ್ಕಿನ ಗೋಡೆಯನ್ನು ಕಾಂತೀಯಗೊಳಿಸುತ್ತದೆ. ಗೋಡೆ ಎಲ್ಲಿ ತೆಳುವಾಗಿದೆಯೋ ಅಲ್ಲಿ ಕಾಂತಕ್ಷೇತ್ರ ಹೊರಚೆಲ್ಲುತ್ತದೆ. ಸೆನ್ಸರುಗಳು ಅದನ್ನು ಬರೆದಿಟ್ಟುಕೊಳ್ಳುತ್ತವೆ. 2012ರಲ್ಲಿ ಸೇಂಟ್ ಲೂಯಿಸ್ ಬಳಿ ಗೋಡೆ ಒಂದೆಡೆ ಶೇ 95ಕ್ಕಿಂತ ಹೆಚ್ಚು ಸವೆದಿದ್ದನ್ನು ಪತ್ತೆ ಮಾಡಿದ್ದು ಇಂಥದ್ದೇ ತಪಾಸಣೆ. ನೆರೆಯ ಪೈಪುಗಳ ರಕ್ಷಣಾ ವಿದ್ಯುತ್ತೇ ಅಡ್ಡದಾರಿ ಹಿಡಿದು ಇಲ್ಲಿ ಉಕ್ಕನ್ನು ತಿಂದಿತ್ತು! ಸೋರುವ ಮೊದಲೇ ದುರಸ್ತಿಯಾಯಿತು.

ಆದರೆ ಕೂದಲೆಳೆಯಂಥ ಬಿರುಕುಗಳು ಈ ಕಾಂತೀಯ ಕಣ್ಣಿಗೆ ಅಷ್ಟು ಸಲೀಸಾಗಿ ಬೀಳುವುದಿಲ್ಲ.

ಸೌತ್ ಡಕೋಟಾದ ಆ್ಯಮ್ಹರ್ಸ್ಟ್‌ನಲ್ಲಿ 2017ರ ನವೆಂಬರಿನಲ್ಲಿ ಪೈಪು ಒಡೆಯಿತು. ತನಿಖೆ ಹೇಳಿದ್ದು: ಪೈಪು ಹೂಳುವ ಕಾಲದಲ್ಲಿ ಲೋಹದ ಪಟ್ಟಿಚಕ್ರದ ವಾಹನವೊಂದು ಅದರ ಹೊರಮೈಯನ್ನು ಗಾಯಗೊಳಿಸಿದ್ದಿರಬೇಕು. ಪಂಪುಗಳ ಒತ್ತಡ ಏರಿದಾಗ ಇಳಿದಾಗ ಗಾಯದ ತುದಿ ಒಂದಿಷ್ಟಿಷ್ಟೇ ಸೀಳುತ್ತ ಹೋಯಿತು. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಅದೇ ಲೋಹದ ದಣಿವು.

2022ರ ಡಿಸೆಂಬರ್ 7ರಂದು ಕಾನ್ಸಾಸ್‌ನಲ್ಲಿ ಆಗಿದ್ದು ಕೀಸ್ಟೋನ್ ಚರಿತ್ರೆಯಲ್ಲೇ ಅತಿ ದೊಡ್ಡ ಸೋರಿಕೆ. ಸುಮಾರು 13,000 ಬ್ಯಾರೆಲ್, ಅಂದರೆ 20 ಲಕ್ಷ ಲೀಟರ್ ತೈಲ ಹೊರಚೆಲ್ಲಿ ಮಿಲ್ ಕ್ರೀಕ್ ಹಳ್ಳ ಕಪ್ಪಾಯಿತು. ಒಡೆದದ್ದು ತಿರುವಿನ ತುಂಡನ್ನು ಪೈಪಿಗೆ ಜೋಡಿಸಿದ ಬೆಸುಗೆ. ಬೆಸುಗೆಯಲ್ಲಿ ದೋಷವಿತ್ತು, ಅದರ ಮೇಲೆ ಬಾಗಿಸುವ ಒತ್ತಡವೂ ಬಿದ್ದಿತ್ತು.

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2021ರಲ್ಲೇ ಎಚ್ಚರಿಸಿತ್ತು: 2010ರಿಂದ 2020ರವರೆಗೆ 22 ಅವಘಡ, ಅವುಗಳಲ್ಲಿ ದೊಡ್ಡ ನಾಲ್ಕು ಸೋರಿಕೆಗಳ ಮೂಲ ವಿನ್ಯಾಸ, ತಯಾರಿಕೆ ಅಥವಾ ನಿರ್ಮಾಣದ ದೋಷ. ಇಂಥ ಪೈಪಿಗೆ ಉಕ್ಕಿನ ಕನಿಷ್ಠ ಬಲದ ಶೇ 72ರ ಬದಲು ಕೆಲವೆಡೆ ಶೇ 80ರಷ್ಟು ಒತ್ತಡ ಹಾಕಲು ವಿಶೇಷ ಪರವಾನಗಿ ಬೇರೆ! ಕಾನ್ಸಾಸ್ ಸೋರಿಕೆಯ ನಂತರ, 2023ರ ಮಾರ್ಚ್‌ನಲ್ಲಿ, 1,600 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಒತ್ತಡ ತಗ್ಗಿಸಿ ಎಂದು ನಿಯಂತ್ರಕರು ಆದೇಶಿಸಿದರು.

2025ರ ಏಪ್ರಿಲ್‌ನಲ್ಲಿ ನಾರ್ತ್ ಡಕೋಟಾದ ಫೋರ್ಟ್ ರ್‍ಯಾನ್ಸಂ ಬಳಿ ನೌಕರರೊಬ್ಬರು ‘ಢಬ್’ ಎಂಬ ಸದ್ದು ಕೇಳಿದರು. ಸುಮಾರು ಎರಡು ನಿಮಿಷದಲ್ಲಿ ಪೈಪ್‌ಲೈನ್ ಬಂದ್ ಆಯಿತು. ಆದರೂ ಸುಮಾರು 3,500 ಬ್ಯಾರೆಲ್ ತೈಲ ಹೊಲದ ಪಾಲಾಯಿತು. ಈ ಸಲ ಬಿರುಕು ಹುಟ್ಟಿದ್ದು ಕಾರ್ಖಾನೆಯಲ್ಲೇ ಹಾಕಿದ ಉದ್ದದ ಬೆಸುಗೆಯಲ್ಲಿ.