ಎಂಟರ ಎಣಿಕೆ, ಎರಡು ಕೋಲು: ಹಂಪಿ ಸೀಮೆಯಲ್ಲಿ ನೃತ್ಯದ ಮೊದಲ ಪಾಠ

ಪ್ರವಾಸಕ್ಕೆ ಹೋದ ಊರಿನಲ್ಲಿ ಅಲ್ಲಿಯ ಕುಣಿತವೊಂದರ ಮೊದಲ ಪಾಠವನ್ನು ಹಣ ಕೊಟ್ಟು ಕಲಿಯುವ ರೂಢಿ ಇಂದು ಜಗತ್ತಿನ ಅನೇಕ ತಾಣಗಳಲ್ಲಿ ನೆಲೆಗೊಂಡಿದ್ದು, ಕ್ಯೂಬಾದ ಹವಾನಾ, ಕೊಲಂಬಿಯಾದ ಕಾಲಿ ಮೊದಲಾದ ನಗರಗಳಿಗೆ ಬರುವವರು ಒಂದೆರಡು ಗಂಟೆಯ ಸಾಲ್ಸಾ ತರಗತಿಗೆ ಹೆಸರು ಬರೆಸುವುದು ಪ್ರವಾಸದ ಸಾಮಾನ್ಯ ಭಾಗವೇ ಆಗಿಬಿಟ್ಟಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಗೆ ಬರುವವರಾದರೋ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ, ತುಂಗಭದ್ರಾ ಅಣೆಕಟ್ಟು, ಸಂಡೂರಿನ ಕುಮಾರಸ್ವಾಮಿ ಬೆಟ್ಟ ಇವುಗಳನ್ನು ನೋಡಿಕೊಂಡು, ಕುಣಿತವನ್ನು ಹಂಪಿ ಉತ್ಸವದ ವೇದಿಕೆಯೆದುರು ಕುರ್ಚಿಯಲ್ಲಿ ಕುಳಿತು ಕಂಡು ಹಿಂದಿರುಗುತ್ತಾರೆ. ಹೊಸಬರಿಗೆ ನೃತ್ಯವನ್ನು ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ಐನೂರು ವರ್ಷಗಳ ಹಿಂದಿನ ಲಿಖಿತ ಸಾಕ್ಷ್ಯವಿರುವ ನೆಲದಲ್ಲಿ ಪ್ರವಾಸಿಗನ ಪಾಲಿಗೆ ಬರಿಯ ನೋಟವಷ್ಟೇ ಉಳಿದಿರುವುದು ವಿಚಿತ್ರವೇ ಸರಿ.

ಸಾಲ್ಸಾ ಎಂಬುದು ಕ್ಯೂಬಾದ ‘ಸೋನ್’ ಎಂಬ ಹಾಡು-ಕುಣಿತದ ಪದ್ಧತಿಯಲ್ಲಿ ಬೇರೂರಿ, ನ್ಯೂಯಾರ್ಕಿನಲ್ಲಿ ನೆಲೆಸಿದ ಕ್ಯೂಬಾ ಮತ್ತು ಪೋರ್ಟೊರಿಕೊ ಮೂಲದ ಸಂಗೀತಗಾರರ ಕೈಯಲ್ಲಿ 1960 ಮತ್ತು 1970ರ ದಶಕಗಳಲ್ಲಿ ಇಂದಿನ ರೂಪ ಪಡೆದ ಸಂಗೀತದ ಹೆಸರು. ಅದಕ್ಕೆ ಹೊಂದಿಕೊಂಡ ಜೋಡಿ ನೃತ್ಯಕ್ಕೂ ಅದೇ ಹೆಸರು. 1964ರಲ್ಲಿ ಜಾನಿ ಪಚೆಕೊ ಮತ್ತು ಜೆರ್ರಿ ಮಸೂಚಿ ಎಂಬಿಬ್ಬರು ಆರಂಭಿಸಿದ ಫಾನಿಯಾ ಎಂಬ ಧ್ವನಿಮುದ್ರಣ ಸಂಸ್ಥೆ ಅದನ್ನು ದೇಶದೇಶಗಳಿಗೆ ಮುಟ್ಟಿಸಿತು. ಬೆಂಗಳೂರಿನ ನೃತ್ಯಶಾಲೆಗಳಲ್ಲಿಯೂ ಈಗ ಅದರ ತರಗತಿಗಳು ನಡೆಯುತ್ತವೆ.

ಸಾಲ್ಸಾದ ಮೊದಲ ತರಗತಿಯಲ್ಲಿ ಕಲಿಸುವುದು ಬಹಳ ಕಡಿಮೆ. ಎಂಟು ಎಣಿಕೆಗಳ ಒಂದು ಆವರ್ತದಲ್ಲಿ, ಎಂದರೆ ಮತ್ತೆ ಮತ್ತೆ ಮರಳಿ ಬರುವ ಕಾಲದ ಸುತ್ತಿನಲ್ಲಿ, ಜೋಡಿಯನ್ನು ನಡೆಸುವವರು ಒಂದಕ್ಕೆ ಎಡಗಾಲನ್ನು ಮುಂದಿಟ್ಟು, ಎರಡಕ್ಕೆ ಭಾರವನ್ನು ಬಲಗಾಲಿಗೆ ತಂದು, ಮೂರಕ್ಕೆ ಎಡಗಾಲನ್ನು ಮೊದಲಿನ ಜಾಗಕ್ಕೆ ಸೇರಿಸಿ, ನಾಲ್ಕಕ್ಕೆ ತಡೆಯುತ್ತಾರೆ. ಐದಕ್ಕೆ ಬಲಗಾಲು ಹಿಂದೆ ಹೋಗಿ, ಆರಕ್ಕೆ ಭಾರ ಎಡಗಾಲಿಗೆ ಬಂದು, ಏಳಕ್ಕೆ ಬಲಗಾಲು ಸ್ವಸ್ಥಾನಕ್ಕೆ ಮರಳಿ, ಎಂಟನೆಯದು ಮತ್ತೆ ಬರಿದಾಗಿ ಉಳಿಯುತ್ತದೆ. ಎದುರಿಗೆ ನಿಂತವರು ಇದನ್ನೇ ಬಲಗಾಲು ಹಿಂದಿಡುವುದರಿಂದ ಆರಂಭಿಸುತ್ತಾರೆ. ಸಂಗೀತದ ಪಾಠದಲ್ಲಿ ತೊಡೆಗೆ ಕೈತಟ್ಟಿ ಆದಿತಾಳ ಹಾಕಿದವರಿಗೆ, ಅಂದರೆ ನಾಲ್ಕು ಅಕ್ಷರಗಳ ಒಂದು ಲಘು ಮತ್ತು ಎರಡೆರಡು ಅಕ್ಷರಗಳ ಎರಡು ದ್ರುತಗಳು ಕೂಡಿದ ಎಂಟರ ಲೆಕ್ಕ ಬಲ್ಲವರಿಗೆ, ಈ ಎಣಿಕೆ ಹೊಸದೇನಲ್ಲ. ಹೊಸಬರು ಎಡವುವುದು ಕಾಲಿಡಬೇಕಾದ ಆರು ಎಣಿಕೆಗಳಲ್ಲಿ ಕಡಿಮೆ, ಕಾಲಿಡದೆ ಬಿಡಬೇಕಾದ ನಾಲ್ಕು ಮತ್ತು ಎಂಟರಲ್ಲಿ ಹೆಚ್ಚು. ಸುಮ್ಮನಿರಬೇಕಾದ ಕಾಲು ಸುಮ್ಮನಿರುವುದಿಲ್ಲ.

ಈ ಸಂಗೀತದ ಬೆನ್ನೆಲುಬಾಗಿರುವ ವಾದ್ಯದ ಹೆಸರು ಕ್ಲಾವೆ. ಗಟ್ಟಿ ಮರದ ಎರಡು ಗುಂಡನೆಯ ಗಿಡ್ಡ ಕೋಲುಗಳಲ್ಲಿ ಒಂದನ್ನು ಬೊಗಸೆಯಾಗಿಸಿದ ಅಂಗೈ ಮೇಲಿಟ್ಟು ಇನ್ನೊಂದರಿಂದ ಹೊಡೆದರೆ ಚುರುಕಾದ ನಾದ ಹೊರಡುತ್ತದೆ. ಎಂಟು ಎಣಿಕೆಗಳ ಸುತ್ತಿನೊಳಗೆ ಮೂರು ಮತ್ತು ಎರಡಾಗಿ ಹಂಚಿದ ಐದು ಪೆಟ್ಟುಗಳ ವಿನ್ಯಾಸಕ್ಕೂ ಕ್ಲಾವೆ ಎಂದೇ ಕರೆಯುತ್ತಾರೆ. ಹವಾನಾದಲ್ಲಿ 1950ರ ದಶಕದಲ್ಲಿ ರೂಪುಗೊಂಡ ‘ರುಯೆದಾ’ ಎಂಬ ಪ್ರಕಾರದಲ್ಲಿ ಜೋಡಿಗಳು ದುಂಡಾಗಿ ನಿಂತು, ಒಬ್ಬ ಮುಂದಾಳು ಕೂಗಿದ ಹೆಸರಿಗೆ ತಕ್ಕಂತೆ ಎಲ್ಲರೂ ಏಕಕಾಲಕ್ಕೆ ಒಂದೇ ವರಸೆ ಹಾಕಿ, ಜೊತೆಗಾರರನ್ನು ಬದಲಿಸುತ್ತ ಸುತ್ತನ್ನು ಮುಂದುವರಿಸುತ್ತಾರೆ. ಎರಡು ಕೋಲು, ಒಂದು ಸುತ್ತು, ಕೂಗಿ ಹೇಳುವ ಮುಂದಾಳು, ಬದಲಾಗುವ ಜೋಡಿ: ಕೋಲಾಟ ಕಂಡಿರುವ ಕನ್ನಡಿಗರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು. ಇವೆರಡಕ್ಕೂ ಚರಿತ್ರೆಯ ಸಂಬಂಧ ಕಲ್ಪಿಸುವುದು ಅವಸರವಾದೀತು, ಆದರೆ ಹೊಸಬರನ್ನು ಕುಣಿತದೊಳಗೆ ಬರಮಾಡಿಕೊಳ್ಳುವ ಉಪಾಯ ಎರಡು ಖಂಡಗಳಲ್ಲಿ ಇಷ್ಟು ಹತ್ತಿರ ಬಂದಿರುವುದು ಗಮನಾರ್ಹ.

ಹಂಪಿಯ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಆಸುಪಾಸು, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ಆವರಣದಲ್ಲಿ ಸ್ತ್ರೀಯರಿಗೆ ನೃತ್ಯ ಕಲಿಸುವ ಉದ್ದನೆಯ ಶಾಲೆಯೊಂದನ್ನು ಕಂಡು ಅದರ ಒಳಗನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಬರಹ 1900ರಲ್ಲಿ ರಾಬರ್ಟ್ ಸೆವೆಲ್ ಪ್ರಕಟಿಸಿದ ವಿಜಯನಗರದ ಇತಿಹಾಸ ಗ್ರಂಥದ ಮೂಲಕ ಇಂಗ್ಲಿಷ್ ಬಲ್ಲ ಓದುಗರಿಗೆ ಸಿಕ್ಕಿತು. ಆ ಶಾಲೆಯ ಫಲಕಗಳಲ್ಲಿ ಒಂದೊಂದು ನೃತ್ಯ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ತೋರಿಸುವ ನರ್ತಕಿಯರ ರೂಪಗಳಿದ್ದವು. ಕಲಿಯುವವಳು ಕೊನೆಯ ನಿಲುವನ್ನು ಮರೆತರೆ ಫಲಕದತ್ತ ಕಣ್ಣು ಹಾಯಿಸಿ ನೆನಪಿಗೆ ತಂದುಕೊಳ್ಳಲೆಂದೇ ಅವನ್ನು ಮಾಡಿಸಲಾಗಿತ್ತು ಎಂದು ಪಾಯೆಸ್ ಹೇಳುತ್ತಾನೆ. ಶಾಲೆಯ ಎಡತುದಿಯಲ್ಲಿ ಬಣ್ಣ ಬಳಿದ ಒಂದು ಗೂಡಿನಂಥ ಜಾಗವಿದ್ದು, ಹುಡುಗಿಯರು ಅಲ್ಲಿ ಕೈಯಿಂದ ಜೋತು ಹಿಡಿದು ಮೈಯನ್ನೂ ಕಾಲುಗಳನ್ನೂ ಹಿಗ್ಗಿಸಿ ಸಡಿಲಗೊಳಿಸುತ್ತಿದ್ದರು; ಬಲತುದಿಯಲ್ಲಿ ದೊರೆ ಕುಳಿತು ನೋಡುವ ಜಾಗದ ನೆಲ-ಗೋಡೆಗಳಿಗೆ ಚಿನ್ನ ಹೊದಿಸಿ, ಗೋಡೆಯ ನಡುವೆ ನೃತ್ಯದ ಅಂತ್ಯದ ಭಂಗಿಯಲ್ಲಿ ಕೈ ಹಿಡಿದ ಹುಡುಗಿಯ ಬಂಗಾರದ ಪ್ರತಿಮೆ ನಿಲ್ಲಿಸಲಾಗಿತ್ತು.

ಚಿನ್ನದ ಮಾತು ಕೇಳಿ ಬೆರಗಾಗುವವರೇ ಹೆಚ್ಚು, ಆದರೆ ಈ ವರ್ಣನೆಯಲ್ಲಿ ನಿಜವಾಗಿ ಬೆಲೆಬಾಳುವುದು ಎಡತುದಿಯ ಆ ಗೂಡು ಮತ್ತು ಗೋಡೆಯ ಫಲಕಗಳು. ಮೊದಲು ಮೈ ಬಿಡಿಸುವುದು, ಬಳಿಕ ಕಲಿಯುವುದು, ಮರೆತಾಗ ನೋಡಿಕೊಳ್ಳಲು ಕಣ್ಣಿಗೆ ಕಾಣುವ ಗುರುತು ಇರಿಸುವುದು ಎಂಬ ಕ್ರಮವನ್ನೇ ಇಂದಿನ ನೃತ್ಯಶಾಲೆಗಳು ಗೋಡೆಗೆ ಕಂಬಿ ಹಾಗೂ ಕನ್ನಡಿಗಳನ್ನು ಜೋಡಿಸಿ ಅನುಸರಿಸುತ್ತವೆ. ಪಾಯೆಸ್ ಕಂಡ ಕಟ್ಟಡ ಉಳಿದಿಲ್ಲ. 1565ರ ಯುದ್ಧದ ನಂತರ ನಗರ ಹಾಳಾದಾಗ ಅರಮನೆಗಳ ಮರದ ಭಾಗಗಳೆಲ್ಲ ನಾಶವಾಗಿ, ಈಗ ಕಾಣುವುದು ಕಲ್ಲಿನ ಜಗಲಿಗಳು ಮಾತ್ರ. ಕಲ್ಲಿನಲ್ಲಿ ಕೆತ್ತಿದ್ದು ಮಾತ್ರ ಇದೆ: ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳುಗಳ ಸಾಲುಗಳ ಮೇಲೆ ನರ್ತಕಿಯರ ಸಾಲು ಸಾಗುತ್ತದೆ, ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಕೋಲು ಹಿಡಿದು ಕುಣಿಯುವ ಸ್ತ್ರೀಯರಿದ್ದಾರೆ. ಅದೇ ದಿಬ್ಬದ ಮೇಲೆ ಚೂಪು ಟೋಪಿ ಧರಿಸಿ ಕುಣಿಯುತ್ತಿರುವ ಪರದೇಶಿ ಗಂಡಸರ ಚಿತ್ರಣವೂ ಇದ್ದು, ಹೊರಗಿನಿಂದ ಬಂದವರು ಈ ನಗರದಲ್ಲಿ ನೋಡಿದ್ದಷ್ಟೇ ಅಲ್ಲದೆ ಕುಣಿದದ್ದೂ ಉಂಟು ಎಂಬುದನ್ನು ಶಿಲ್ಪಿಗಳೇ ದಾಖಲಿಸಿದ್ದಾರೆ.

ಕಲಿಕೆಯ ಮೊದಲ ಮೆಟ್ಟಿಲುಗಳನ್ನು ಕ್ರಮಪಡಿಸಿದ ಇನ್ನೊಬ್ಬ ಮಹಾಪುರುಷನ ಹೆಸರೂ ಹಂಪಿಗೆ ಅಂಟಿಕೊಂಡಿದೆ. ಕರ್ನಾಟಕ ಸಂಗೀತದ ಆರಂಭದ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ರೂಪಿಸಿದವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಮಂಟಪವಿದೆ. ದೊಡ್ಡ ಕಲೆಗೆ ಸಣ್ಣ ಬಾಗಿಲು ಇಡುವುದು ಕಲೆಯ ಮಟ್ಟ ತಗ್ಗಿಸಿದಂತೆ ಎಂದು ಕೊಂಕು ತೆಗೆಯುವವರು ಆ ಮಂಟಪದಲ್ಲಿ ಸ್ವಲ್ಪ ಹೊತ್ತು ಕುಳಿತು ಬರಬಹುದು.

ಹಾಗಾದರೆ ಈ ಸೀಮೆಯಲ್ಲಿ ರಜೆಗೆಂದು ಬಂದವರು ಒಂದು ಸಂಜೆಯಲ್ಲಿ ಕಲಿಯಬಹುದಾದ ಕುಣಿತ ಯಾವುದು? ಶಾಸ್ತ್ರೀಯ ನೃತ್ಯದಲ್ಲಿ ಅರೆಮಂಡಿ, ಎಂದರೆ ಮೊಣಕಾಲನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ನಿಲುವು, ಸರಿಯಾಗಿ ಕೂಡಿಬರುವುದಕ್ಕೇ ತಿಂಗಳುಗಳು ಬೇಕು. ಸಂಡೂರು ಭಾಗದ ತಾಂಡಾಗಳ, ಅಂದರೆ ಲಂಬಾಣಿ ಜನರ ಪ್ರತ್ಯೇಕ ವಸತಿಗಳ, ಹೆಂಗಸರು ಸುತ್ತುಗಟ್ಟಿ ಬಾಗುತ್ತ ಏಳುತ್ತ ಚಪ್ಪಾಳೆ ಹಾಕಿ ಕುಣಿಯುವ ಕುಣಿತದ ಹೆಜ್ಜೆಗಳು ಸುಲಭವಾದರೂ, ಕನ್ನಡಿ, ಕವಡೆ, ನಾಣ್ಯಗಳನ್ನು ಹೊಲಿದ ಭಾರದ ಲಂಗವೇ ಅದರ ಓಲಾಟವನ್ನು ನಿರ್ಧರಿಸುವುದರಿಂದ ಆ ಉಡುಗೆಯಿಲ್ಲದೆ ಕಲಿತದ್ದು ಅರ್ಧವಷ್ಟೇ ಆಗುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಕಸೂತಿ ಹಾಕಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿ ಆ ಸೂಜಿಯ ಕೆಲಸಕ್ಕೆ ಹೆಸರು ಬಂತು. ಅದೇ ಕೈಗಳ ಕುಣಿತಕ್ಕೆ ಅಂಥ ಹೆಸರು ಇನ್ನೂ ಬರಬೇಕಾಗಿದೆ. ಉಳಿಯುವುದು ಕೋಲಾಟ, ಮತ್ತು ಹೊಸಬರಿಗೆ ಅದೇ ಎಲ್ಲಕ್ಕಿಂತ ತಕ್ಕದ್ದು.

ಕೋಲಾಟದ ಕೋಲು ಗಟ್ಟಿ ಮರದ್ದಾಗಿದ್ದು ಮೊಳದಷ್ಟು ಉದ್ದವಿರುತ್ತದೆ. ಅದನ್ನು ಬುಡದ ಬಳಿ ಸಡಿಲವಾಗಿ ಹಿಡಿಯಬೇಕು. ಹೊಸಬರು ಬಿಗಿಯಾಗಿ ಹಿಡಿಯುವುದರಿಂದ ಪೆಟ್ಟಿನ ಅದುರು ಮಣಿಕಟ್ಟಿಗೆ ಏರಿ ಕೈ ಬೇಗ ಸೋಲುತ್ತದೆ, ನಾದವೂ ಮಂಕಾಗುತ್ತದೆ. ಮೊದಲು ನಿಂತಲ್ಲೇ ತನ್ನೆರಡು ಕೋಲುಗಳನ್ನು ಎದೆಯ ಮಟ್ಟದಲ್ಲಿ ತಾಳಕ್ಕೆ ಸರಿಯಾಗಿ ತಾಗಿಸುವುದು, ಆಮೇಲೆ ಎದುರಿನವರ ಬಲಗೋಲಿಗೆ ಬಲಗೋಲು, ಮತ್ತೆ ತನ್ನ ಕೋಲಿಗೆ ತಾನೇ, ಬಳಿಕ ಎಡಗೋಲಿಗೆ ಎಡಗೋಲು ಎಂಬ ಸರಳ ಹೊಡೆತ ಕೈಗೆ ಹತ್ತಿದ ಮೇಲೆ ಕಾಲಿಗೆ ಕೆಲಸ ಕೊಡುತ್ತಾರೆ. ಆಟಗಾರರ ಸಂಖ್ಯೆ ಸಮವಾಗಿರಲೇಬೇಕು. ಒಳಸುತ್ತಿನವರು ಒಂದು ದಿಕ್ಕಿಗೂ ಹೊರಸುತ್ತಿನವರು ಇನ್ನೊಂದು ದಿಕ್ಕಿಗೂ ಸರಿಯುವಾಗ ಪ್ರತಿ ಸುತ್ತಿಗೂ ಎದುರಿನ ಮುಖ ಬದಲಾಗುತ್ತದೆ, ಹಾಡಿನ ವೇಗ ಏರುತ್ತದೆ, ಮೇಳದ ಮುಂದಾಳು ತಾಳ ಹಾಕುತ್ತ ವರಸೆ ಬದಲಿಸುವ ಸೂಚನೆ ಕೊಡುತ್ತಾನೆ. ಕಂಬದ ತುದಿಯಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಕುಣಿಯುತ್ತಲೇ ಹೆಣೆದು, ಅದೇ ಕ್ರಮವನ್ನು ಹಿಂದುಮುಂದು ಮಾಡಿ ಬಿಚ್ಚುವ ಜಡೆ ಕೋಲಾಟ ಬಲ್ಲವರ ಆಟ. ಮೊದಲ ದಿನ ಅದರ ಗೊಡವೆಗೆ ಹೋಗದಿರುವುದೇ ಲೇಸು.

ಸಾಲ್ಸಾದಲ್ಲಿ ಕೈ ಕೈ ಹಿಡಿದು, ಕೆಲವೊಮ್ಮೆ ಬೆನ್ನಿಗೆ ಕೈಯಿಟ್ಟು ಅಪರಿಚಿತರೊಡನೆ ನಿಲ್ಲಬೇಕಾಗುವುದರಿಂದ ಸಂಕೋಚವೇ ಮೊದಲ ತೊಡಕಾಗುತ್ತದೆ, ತಪ್ಪು ಹೆಜ್ಜೆ ಬಿದ್ದರೆ ಅದು ಜೊತೆಗಾರರಿಗೆ ಮಾತ್ರ ತಿಳಿಯುತ್ತದೆ. ಕೋಲಾಟದಲ್ಲಿ ಮುಟ್ಟುವುದು ಕೋಲಿನ ತುದಿ ಮಾತ್ರ. ಗಂಡಸು, ಹೆಂಗಸು, ಮುದುಕರು, ಮಕ್ಕಳು ಯಾರ ಎದುರು ಯಾರು ನಿಂತರೂ ಮುಜುಗರವಿಲ್ಲ. ಆದರೆ ಒಂದು ಪೆಟ್ಟು ತಪ್ಪಿದರೆ ನಾದದಲ್ಲಿ ಕಂಡಿ ಬಿದ್ದು ಇಡೀ ಮೇಳಕ್ಕೆ ಕೇಳಿಸಿಬಿಡುತ್ತದೆ, ಆದುದರಿಂದ ಶಿಕ್ಷಕರು ಬೈಯುವ ಅಗತ್ಯವೇ ಬಾರದೆ ಕಲಿಯುವವರು ತಾವಾಗಿ ತಿದ್ದಿಕೊಳ್ಳುತ್ತಾರೆ. ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲು ಸುತ್ತಿನಲ್ಲಿ ಉಕ್ಕಿನ ಕಾರ್ಖಾನೆಯ ಉದ್ಯೋಗಕ್ಕಾಗಿ ಬೇರೆ ಬೇರೆ ರಾಜ್ಯಗಳ ಕುಟುಂಬಗಳು ನೆಲೆಸಿದ್ದು, ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ ಅಂಥ ಕಡೆ ಮಾತಿನ ಹಂಗಿಲ್ಲದ ಈ ಪಾಠಕ್ಕೆ ವಿಶೇಷ ಅನುಕೂಲವಿದೆ.

ಪ್ರವಾಸಿಯ ಕಣ್ಣಿಗೆ ಕೋಲಾಟ ಬಿದ್ದದ್ದು ಇಂದು ನಿನ್ನೆಯಲ್ಲ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಕೆಳದಿ ನಾಯಕರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದಾಗ, ಬಣ್ಣದ ಕೋಲುಗಳನ್ನು ವಾದ್ಯದ ಗತಿಗೆ ತಾಗಿಸುತ್ತ ಸುತ್ತು ಕುಣಿಯುವ ಹುಡುಗಿಯರನ್ನು ಬೀದಿಯಲ್ಲಿ ಕಂಡು, ಒಬ್ಬಳು ಹಾಡಿದ ಸಾಲಿಗೆ ಉಳಿದವರು ‘ಕೋಲೆ’ ಎಂದು ಮತ್ತೆ ಮತ್ತೆ ದನಿಗೂಡಿಸುತ್ತಿದ್ದುದನ್ನು ಬರೆದುಕೊಂಡ. ಅದು ಗೌರಿಯ ಹಬ್ಬದ ಸಂದರ್ಭ ಎಂದೂ ಗುರುತಿಸಿದ. ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳಲ್ಲಿ ಕಾರ್ತಿಕದ ಹುಣ್ಣಿಮೆ ಇಂದಿಗೂ ಗೌರಿ ಹುಣ್ಣಿಮೆಯೇ: ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ತೆಗೆದ ತೇರು, ಆನೆ, ನವಿಲುಗಳ ಆರತಿಯನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ ಬಟ್ಟೆ ತೊಟ್ಟ ಹುಡುಗಿಯರು ಗೌರಿಯನ್ನು ಕೂರಿಸಿದಲ್ಲಿಗೆ ಹೋಗುತ್ತಾರೆ, ಕೋಲಾಟ ಆಡುತ್ತಾರೆ. ಇಟಲಿಯ ಆ ಪ್ರವಾಸಿ ಕಂಡದ್ದೂ ಇದೂ ಒಂದೇ ಆಚರಣೆಯ ಎಳೆಗಳೆಂದು ಊಹಿಸಲು ಸಾಕಷ್ಟು ಅವಕಾಶವಿದೆ.

ತರಗತಿ ನಡೆಸಲು ದೊಡ್ಡ ಏರ್ಪಾಡು ಬೇಕಿಲ್ಲ. ಒಂದು ಅಂಗಳ, ಹದಿನಾರು ಜೋಡಿ ಕೋಲು, ತಾಳ ಹಿಡಿದ ಒಬ್ಬ ಮುಂದಾಳು, ಆನೆಗೊಂದಿ, ಕಮಲಾಪುರ, ಕಂಪ್ಲಿಗಳ ಯಾವುದಾದರೊಂದು ಮೇಳದ ನಾಲ್ಕು ಜನ ಇದ್ದರೆ ಸಾಕು. ಸ್ಮಾರಕಗಳ ಜಗಲಿ ಇದಕ್ಕೆ ತಕ್ಕ ಜಾಗವಲ್ಲ, ಪುರಾತತ್ವ ಇಲಾಖೆ ಅದಕ್ಕೆ ಒಪ್ಪುವುದೂ ಇಲ್ಲ. ಕಲಿಯಲು ಬರುವವರು ಸಡಿಲವಾದ ಹತ್ತಿ ಬಟ್ಟೆ ಧರಿಸಿ, ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟು, ಪಾಠ ಮುಗಿಯುವವರೆಗೆ ಮೊಬೈಲ್ ಹೊರತೆಗೆಯದೆ, ಕಲಿಸಿದವರಿಗೆ ಗೈಡಿಗೆ ಕೊಡುವಷ್ಟಾದರೂ ಸಂಭಾವನೆಯನ್ನು ನೇರವಾಗಿ ಕೈಗಿಡಬೇಕು. ಹಂಪಿ ಉತ್ಸವದ ಆಯೋಜಕರು ಜನಪದ ಮೇಳಗಳನ್ನು ವೇದಿಕೆ ಹತ್ತಿಸಿ ಹತ್ತು ನಿಮಿಷಗಳಲ್ಲಿ ಇಳಿಸುವ ಬದಲು, ಅದೇ ಮೇಳಗಳಿಗೆ ಬೆಳಗಿನ ಹೊತ್ತು ಒಂದು ಬಯಲು ಬಿಟ್ಟುಕೊಟ್ಟು, ಬಂದವರ ಕೈಗೆ ಕೋಲು ಕೊಡುವ ವ್ಯವಸ್ಥೆ ಮಾಡುವುದು ಕಷ್ಟದ ಕೆಲಸವೇನಲ್ಲ. ಬಿಸಿಲು ಇಳಿದು ಹಂಪಿಯ ಪ್ರವಾಸದ ಹಂಗಾಮು ಶುರುವಾಗುವುದೂ ಗೌರಿ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಆದ್ದರಿಂದ, ಹೋಂಸ್ಟೇ ನಡೆಸುವವರೂ ಊರಿನ ಮೇಳಗಳೂ ಮಾತನಾಡಿಕೊಂಡರೆ ಮೊದಲ ತರಗತಿಯನ್ನು ಈ ಸಲದ ಕಾರ್ತಿಕದಲ್ಲಿಯೇ ಆರಂಭಿಸಬಹುದು.