ಒಂದು ಗಂಟೆ, ಎರಡು ಗಿಟಾರ್

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ಕಾಲೇಜ್ ಡೇಗೆಂದು ಮೂರು ವಾರ ಎಲೆಕ್ಟ್ರಿಕ್ ಗಿಟಾರ್ ಒಂದನ್ನೇ ಹಿಡಿದಿದ್ದೆ. ಕಾರ್ಯಕ್ರಮ ಮುಗಿದ ಮರುದಿನ ಕ್ಲಾಸಿಕಲ್ ಗಿಟಾರ್ ತೆಗೆದುಕೊಂಡರೆ ಎಡಗೈ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು, ಬಲಗೈ ಮಾತ್ರ ಹೇಳಿದ್ದನ್ನು ಕೇಳಲಿಲ್ಲ. ಸಾಲದ್ದಕ್ಕೆ ಉಕ್ಕಿನ ತಂತಿಗೆ ಸಿಕ್ಕಿ ಉಂಗುರ ಬೆರಳಿನ ಉಗುರು ಮುರಿದಿತ್ತು. ಗ್ರೇಡ್ ಪರೀಕ್ಷೆಗೆ ಉಳಿದಿದ್ದದ್ದು ಐದೇ ವಾರ. ನಮ್ಮ ಕಾಲೇಜಿನಲ್ಲಿ ಎರಡೂ ಗಿಟಾರ್ ಕಲಿಯುತ್ತಿರುವವರಿಗೆ ಈ ಪಾಡು ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಎರಡಕ್ಕೂ ಆರು ತಂತಿ, ಶ್ರುತಿಯೂ ಒಂದೇ. ಹಾಗಾಗಿ ಯಾವ ಸ್ವರ ಎಲ್ಲಿದೆ ಎಂಬ ತಿಳಿವಳಿಕೆ, ಸ್ಕೇಲ್‌ಗಳು, ಎಡಗೈ ಬೆರಳುಗಳ ವೇಗ ಇವೆಲ್ಲ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಕ್ಲಾಸಿಕಲ್ ಗಿಟಾರಿನ ನೆಕ್ ಮೇಲ್ತುದಿಯಲ್ಲಿ ಸುಮಾರು 52 ಮಿ.ಮೀ. ಅಗಲ, ಎಲೆಕ್ಟ್ರಿಕ್‌ನದು ಸುಮಾರು 42. ಈ ಒಂದು ಸೆಂಟಿಮೀಟರ್‌ಗೆ ಎಡಗೈ ಬೇಗ ಹೊಂದಿಕೊಳ್ಳುತ್ತದೆ.

ಬಲಗೈ ಕಥೆ ಬೇರೆ. ಕ್ಲಾಸಿಕಲ್‌ನಲ್ಲಿ ಹೆಬ್ಬೆರಳು ಮತ್ತು ಮೂರು ಬೆರಳುಗಳು ಉಗುರಿನಿಂದ ಒಂದೊಂದು ತಂತಿಯನ್ನು ಬೇರೆ ಬೇರೆಯಾಗಿ ಮೀಟಬೇಕು. ಎಲೆಕ್ಟ್ರಿಕ್‌ನಲ್ಲಿ ಎರಡು ಬೆರಳುಗಳ ನಡುವೆ ಪಿಕ್, ಬೇಡದ ತಂತಿಗಳನ್ನು ಅಂಗೈ ಅಂಚಿನಿಂದ ಒತ್ತಿ ಸುಮ್ಮನಾಗಿಸುವ ಕೆಲಸ. ಒಂದರ ಅಭ್ಯಾಸ ಇನ್ನೊಂದಕ್ಕೆ ಲೆಕ್ಕಕ್ಕೇ ಇಲ್ಲ. ಅರ್ಧ ಗಂಟೆ ಅದಕ್ಕೆ, ಅರ್ಧ ಗಂಟೆ ಇದಕ್ಕೆ ಎಂದು ಗಡಿಯಾರ ನೋಡಿ ಹಂಚಿದರೆ ಆಗದು. ಸಮಯ ಹಂಚಬೇಕಾದದ್ದು ಬಲಗೈಗೆ.

ನನಗೆ ಕಡೆಗೆ ಒಗ್ಗಿದ ಕ್ರಮ ಇದು. ಮೊದಲ 25 ನಿಮಿಷ ಕ್ಲಾಸಿಕಲ್, ಅದೂ ದಿನ ತಪ್ಪದೆ. ಯಾಕೆ ಮೊದಲು ಎಂದರೆ, ಉಕ್ಕಿನ ತಂತಿಯನ್ನು ಎಳೆದೆಳೆದು ಬೆರಳ ತುದಿ ನೊಂದ ಮೇಲೆ ನೈಲಾನ್ ತಂತಿಯ ಮೇಲೆ ಹದ ಸಿಗುವುದಿಲ್ಲ, ಸುಮ್ಮನೆ ಜೋರಾಗಿ ಒತ್ತುತ್ತೇವೆ. ಸ್ವರ ಕಂಪಿಸುವಾಗಲೂ ಅಷ್ಟೇ: ಎಲೆಕ್ಟ್ರಿಕ್‌ನಲ್ಲಿ ತಂತಿಯನ್ನು ಅಡ್ಡಕ್ಕೆ ತಳ್ಳುತ್ತೇವೆ, ಕ್ಲಾಸಿಕಲ್‌ನಲ್ಲಿ ಬೆರಳನ್ನು ತಂತಿಯ ಉದ್ದಕ್ಕೆ ತೂಗಬೇಕು. ನಂತರ 10 ನಿಮಿಷ ಬಿಡುವು (ನಾನು ರಸಾಯನಶಾಸ್ತ್ರದ ಸೂತ್ರಗಳನ್ನು ಓದುತ್ತೇನೆ, ಅಮ್ಮನಿಗೂ ಸಮಾಧಾನ). ಆಮೇಲೆ 25 ನಿಮಿಷ ಎಲೆಕ್ಟ್ರಿಕ್.

ಆಂಪ್ಲಿಫೈಯರ್ ಇಲ್ಲದೆ ಎಲೆಕ್ಟ್ರಿಕ್ ಗಿಟಾರ್ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಹಾಸ್ಟೆಲ್‌ನಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಇಲ್ಲೊಂದು ಮೋಸವಿದೆ. ಬೇಡದ ತಂತಿಗಳು ಮೊರೆಯುವುದು ಆಗ ನಮಗೂ ಕೇಳಿಸುವುದಿಲ್ಲ. ವೇದಿಕೆಯಲ್ಲಿ ಡಿಸ್ಟಾರ್ಷನ್ ಹಾಕಿದ ಕೂಡಲೇ ಎಲ್ಲವೂ ಹೊರಗೆ ಬರುತ್ತದೆ. ವಾರಕ್ಕೊಮ್ಮೆ, ಭಾನುವಾರ ಹಗಲಾದರೂ, ಆಂಪ್ಲಿಫೈಯರ್ ಹಾಕಿಯೇ ನುಡಿಸಬೇಕು.

ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಕೆಡುತ್ತದೆ ಎನ್ನುವವರಿದ್ದಾರೆ. ಓಝಿ ಓಸ್ಬೋರ್ನ್ ಅವರ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ ಅಮೆರಿಕದ ರ‍್ಯಾಂಡಿ ರೋಡ್ಸ್, ಕಾರ್ಯಕ್ರಮಕ್ಕೆ ಹೋದ ಊರುಗಳಲ್ಲಿ ಕ್ಲಾಸಿಕಲ್ ಶಿಕ್ಷಕರನ್ನು ಹುಡುಕಿ ಪಾಠ ಹೇಳಿಸಿಕೊಳ್ಳುತ್ತಿದ್ದರು. 1980ರ ಆಲ್ಬಮ್‌ನ ಅಬ್ಬರದ ಹಾಡುಗಳ ನಡುವೆ ತಾಯಿಯ ಹೆಸರಿನಲ್ಲಿ ಒಂದು ನಿಮಿಷವೂ ಇಲ್ಲದ ಕ್ಲಾಸಿಕಲ್ ರಚನೆ ‘ಡೀ’ ಇದೆ. 1982ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 25 ವರ್ಷ.

ಕಾಲೇಜಿನ ಪರೀಕ್ಷೆಗಳು ಬಂದಾಗ ಒಂದು ಗಂಟೆ ಸಿಗುವುದಿಲ್ಲ, ಸರಿ. ಆಗ 10 ನಿಮಿಷ ಕ್ಲಾಸಿಕಲ್‌ನ ಬಲಗೈ ಪಾಠವೊಂದನ್ನೇ ಮಾಡಿ, ಎಲೆಕ್ಟ್ರಿಕ್ ಗಿಟಾರನ್ನು ನಿಶ್ಚಿಂತೆಯಿಂದ ಚೀಲದೊಳಗಿಡಿ. ನನ್ನ ಅನುಭವದಲ್ಲಿ ಪಿಕ್ ಹಿಡಿತ ಒಂದು ವಾರದಲ್ಲಿ ಮರಳುತ್ತದೆ, ಬೆರಳುಗಳ ಸ್ವಾತಂತ್ರ್ಯ ಅಷ್ಟು ಬೇಗ ಮರಳುವುದಿಲ್ಲ. ಆ ಗ್ರೇಡ್ ಪರೀಕ್ಷೆಯಲ್ಲಿ ಪಾಸಾದೆ, ಆದರೆ ಕೊನೆಯ ರಚನೆಯಲ್ಲಿ ಎರಡು ಕಡೆ ಬಲಗೈ ಎಡವಿತು. ಉಗುರು ಇನ್ನೂ ಪೂರ್ತಿ ಬೆಳೆದಿರಲಿಲ್ಲ.