ಶಿಳ್ಳೆ ಹೊಡೆದರೆ ವಿಮರ್ಶೆ ಆಯ್ತಾ?

ಒಂದು ನದಿ, ಅದರ ತಳದಲ್ಲಿ ಚಿನ್ನ, ಕಾವಲಿಗೆ ಮೂವರು ಜಲಕನ್ಯೆಯರು. ರಿಚರ್ಡ್ ವಾಗ್ನರ್‌ನ 'ರಿಂಗ್' ಶುರುವಾಗುವುದು ಹೀಗೆ. ಒಪೆರಾ ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ. 'ರಿಂಗ್' ಅಂಥ ನಾಲ್ಕು ಒಪೆರಾಗಳ ಸರಣಿ, ಒಟ್ಟು ಸುಮಾರು 15 ಗಂಟೆ. (ನಮ್ಮ ಯಕ್ಷಗಾನ ಒಂದು ರಾತ್ರಿಗೆ ಮುಗಿಯುತ್ತೆ. ಇದಕ್ಕೆ ನಾಲ್ಕು ಸಂಜೆ ಬೇಕು!) 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ, ವಾಗ್ನರ್ ತಾನೇ ಕಟ್ಟಿಸಿದ ರಂಗಮಂದಿರದಲ್ಲಿ ಇದು ಮೊದಲ ಸಲ ಪೂರ್ತಿಯಾಗಿ ನಡೆಯಿತು.

ನೂರು ವರ್ಷ ತುಂಬಿದ ಸಂಭ್ರಮಕ್ಕೆ, 1976ರಲ್ಲಿ, ಅಲ್ಲಿಯವರು ಫ್ರಾನ್ಸಿನ ಪಾತ್ರಿಸ್ ಶೆರೊ ಎಂಬ 31 ವರ್ಷದ ನಿರ್ದೇಶಕನನ್ನು ಕರೆಸಿದರು. ಸಂಗೀತ ನಡೆಸಿದ್ದು ಪಿಯರ್ ಬುಲೇ. ರಂಗದ ಮೇಲೆ ನದಿಯ ಜಾಗದಲ್ಲಿ ನಿಂತಿದ್ದು ಒಂದು ಜಲವಿದ್ಯುತ್ ಅಣೆಕಟ್ಟು. ಜಲಕನ್ಯೆಯರು ಬೀದಿಯ ವೇಶ್ಯೆಯರಂತೆ ಕಾಣುತ್ತಿದ್ದರು. ನಾಯಕನ ಖಡ್ಗ ತಯಾರಾಗಿದ್ದು ದೊಡ್ಡ ಯಂತ್ರದ ಸುತ್ತಿಗೆಯಲ್ಲಿ. ಮೆಕ್ಯಾನಿಕಲ್‌ನವರು ಖುಷಿಪಡಬಹುದು, ಅಲ್ಲಿದ್ದ ಪ್ರೇಕ್ಷಕರು ಪಡಲಿಲ್ಲ. ಕೂಗಾಟ ಎದ್ದಿತು. ಮನೆಯಿಂದಲೇ ಸೀಟಿ ತಂದು ಊದಿದವರಿದ್ದರು, ವಿರೋಧದ ಕರಪತ್ರವೂ ಹಂಚಿಕೆಯಾಯಿತು.

ಅವರ ಸಿಟ್ಟಿನ ಸಾರ ಒಂದೇ: 'ಇದು ವಾಗ್ನರ್ ಅಲ್ಲ.' ವಾದ ಅಂತ ನೋಡಿದರೆ ಇದು ಬಹಳ ದುರ್ಬಲ. ಒಪೆರಾದಲ್ಲಿ ಸ್ವರ ಮತ್ತು ಮಾತು ಬರೆದಿಟ್ಟದ್ದು, ಅದನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಕಣ್ಣಿಗೆ ಏನು ಕಾಣಬೇಕು ಅನ್ನುವುದನ್ನು ಮಾತ್ರ ನಿರ್ದೇಶಕ ಹೊಸದಾಗಿ ಯೋಚಿಸುತ್ತಾನೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಕಣ್ಣಿಗೆ ಕಂಡದ್ದು ಕಿವಿಗೆ ಕೇಳಿದ್ದಕ್ಕೆ ಹೊಂದುತ್ತಾ ಅಂತ. ಯಂತ್ರಯುಗದ ಓದು ಕೂಡ ಶೆರೊ ಗಾಳಿಯಿಂದ ಹಿಡಿದು ತಂದದ್ದಲ್ಲ. 1898ರಲ್ಲೇ ಬರ್ನಾರ್ಡ್ ಶಾ ಒಂದು ಇಡೀ ಪುಸ್ತಕ ಬರೆದು, 'ರಿಂಗ್' ಬಂಡವಾಳಶಾಹಿಯ ಕಥೆ ಎಂದು ವಾದಿಸಿದ್ದ. ನದಿಯ ಚಿನ್ನ ಕದ್ದು ಅಧಿಕಾರ ಗಳಿಸುವುದೇ ಕಥೆಯ ಮೊದಲ ಘಟನೆ. ನದಿಯ ಶಕ್ತಿಯನ್ನು ಹಣ ಮಾಡುವ ಅಣೆಕಟ್ಟು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತೆ.

ಹಾಗಂತ ಶೆರೊನನ್ನು ಪೂರ್ತಿ ಒಪ್ಪಬೇಕು ಅಂತೇನಿಲ್ಲ. ಮೊದಲ ಒಪೆರಾದ ಆರಂಭಸಂಗೀತ ಕೇಳಿ. 136 ಬಾರ್‌ಗಳ ಉದ್ದಕ್ಕೂ ಒಂದೇ ಸ್ವರಮೇಳ, ಇ-ಫ್ಲಾಟ್ ಮೇಜರ್. ತಳದಿಂದ ಮೆಲ್ಲಗೆ ಏಳುತ್ತಾ ಬರುತ್ತೆ. ಮನುಷ್ಯನ ಕೈ ಇನ್ನೂ ಸೋಕದ ನೀರು ಅದು ಅಂತ ನನಗನ್ನಿಸುತ್ತೆ. ರಂಗದ ಮೇಲೆ ಮಾತ್ರ ಆಗಲೇ ಕಾಂಕ್ರೀಟ್ ಗೋಡೆ ನಿಂತಿದೆ! ಕಳ್ಳತನಕ್ಕೆ ಮೊದಲೇ ನದಿ ಕೈತಪ್ಪಿ ಹೋಗಿದ್ದರೆ, ಆಮೇಲೆ ಬರುವ ಕಳ್ಳ ಆಲ್ಬೆರಿಕ್ ಹೊಸದಾಗಿ ಕೆಡಿಸಿದ್ದಾದರೂ ಏನು? ಇಂಥ ಆಕ್ಷೇಪಕ್ಕೆ ನಿರ್ದೇಶಕ ಉತ್ತರ ಕೊಡಬೇಕಾಗುತ್ತೆ. ಸೀಟಿಗೆ ಅವನು ಏನಂತ ಉತ್ತರ ಕೊಡೋದು?

ಬೈರಾಯ್ಟ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಒಮ್ಮೆ ಕಟ್ಟಿದ ಪ್ರಯೋಗವನ್ನು ಕೆಲವು ವರ್ಷ ಆಡುತ್ತಾ ಪ್ರತಿ ಬೇಸಿಗೆಯಲ್ಲೂ ತಿದ್ದುತ್ತಾರೆ. ಇದನ್ನು ಅವರು ಕರೆಯುವುದೇ 'ವರ್ಕ್‌ಶಾಪ್' ಅಂತ. ಶೆರೊ ಕೂಡ ತಿದ್ದಿದ. 1977ರಲ್ಲಿ ಎರಡನೇ ಒಪೆರಾದ ಬಂಡೆಯ ದೃಶ್ಯಕ್ಕೆ ಹೊಸ ರಂಗಸಜ್ಜಿಕೆ ಬಂತು. ಅಣೆಕಟ್ಟನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ.

1980ರಲ್ಲಿ ಕೊನೆಯ ಪ್ರದರ್ಶನ ಮುಗಿದಾಗ ಅದೇ ರಂಗಮಂದಿರದಲ್ಲಿ ಚಪ್ಪಾಳೆ ಒಂದು ಗಂಟೆ ದಾಟಿ ನಡೆಯಿತು ಎನ್ನುತ್ತಾರೆ. ಟಿವಿಗಾಗಿ ಮಾಡಿದ ಚಿತ್ರೀಕರಣ ಇವತ್ತಿಗೂ ನೋಡಲು ಸಿಗುತ್ತೆ. ಸೀಟಿಯ ಬಗ್ಗೆ ಹೇಳಿದ್ದನ್ನೇ ಈ ಚಪ್ಪಾಳೆಗೂ ಹೇಳಬೇಕು ಬಿಡಿ: ಆ 136 ಬಾರ್‌ಗಳ ಪ್ರಶ್ನೆಗೆ ಅದರಲ್ಲೂ ಉತ್ತರವಿಲ್ಲ.